ಒಂದೇ ಮನೆಗೆ ಹೋದ ಎರಡು ಪೊಟ್ಟಣ

ಬೀದಿಗೆ ಇನ್ನೂ ಸರಿಯಾಗಿ ಬೆಳಕು ಇಳಿದಿಲ್ಲ. ಗಿಡಮೂಲಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೀದಿಯವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು ಒಣಬೇರನ್ನು ಕಬ್ಬಿಣದ ಕುಟ್ಟಾಣಿಗೆ ಹಾಕಿ ಕುಟ್ಟುತ್ತಿದ್ದಾರೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಾರೆ, ಹುಬ್ಬಿನ ತುಂಬ ಕಂದು ಧೂಳು. ಕುಟ್ಟಿದ್ದನ್ನು ತೆಳುಬಟ್ಟೆಯಲ್ಲಿ ಸೋಸಿ, ಉಳಿದ ತರಿಯನ್ನು ಮತ್ತೆ ಕುಟ್ಟಾಣಿಗೆ ಸುರಿಯುತ್ತಾರೆ. ನಡುನಡುವೆ ಕೈ ನಿಲ್ಲಿಸಿ ಮುಂಬಾಗಿಲ ಕಡೆ ಕಿವಿಗೊಡುತ್ತಾರೆ. ಕೆಮ್ಮಿಗೋ ಹೊಟ್ಟೆನೋವಿಗೋ ಬಂದವರಾದರೆ ಕದ ತಟ್ಟುತ್ತಾರೆ. ಇಷ್ಟು ಬೇಗ ಬರುವ ಗಂಡಸರು ತಟ್ಟುವುದಿಲ್ಲ. ಎದುರಿನ ಮುಚ್ಚಿದ ಚಪ್ಪಲಿ ಅಂಗಡಿಯ ಬೋರ್ಡನ್ನು ಓದುತ್ತ ನಿಂತಿರುತ್ತಾರೆ.

“ಅಷ್ಟು ಹೊತ್ತು ಓದೋಕೆ ಆ ಬೋರ್ಡಲ್ಲಿ ಏನಿದೆ ಅಂತ ನಾನೂ ಒಂದ್ಸಲ ಹೋಗಿ ನೋಡ್ದೆ,” ಎನ್ನುತ್ತಾರೆ ಅಕ್ಕ. “ಅಂಗಡಿ ಹೆಸರು ಬಿಟ್ರೆ ಏನಿಲ್ಲ.”

ಅವರು ಬರುವುದು ಶೀಘ್ರಸ್ಖಲನಕ್ಕೆ ಔಷಧ ಕೇಳಿಕೊಂಡು. ಈ ಪದವನ್ನು ನಮ್ಮ ಪತ್ರಿಕೆಯ ಪುರವಣಿಯಲ್ಲಿ ಬಳಸಬಹುದೇ ಎಂದು ಸಂಪಾದಕರನ್ನು ಕೇಳಿದ್ದೆ. ಬೇರೆ ಪದ ಸಿಕ್ಕರೆ ನೋಡಿ ಎಂದರು. ಸಿಗಲಿಲ್ಲ. ಬಂದ ಗಂಡಸರಿಗೂ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲರೂ ತಮ್ಮ ಸ್ನೇಹಿತನಿಗಾಗಿ ಬಂದವರು. ಇವತ್ತು ಮೊದಲು ಒಳಗೆ ಬಂದವನು ತಲೆಯ ಹೆಲ್ಮೆಟ್ಟನ್ನೂ ತೆಗೆಯುವುದಿಲ್ಲ. ಸ್ನೇಹಿತ ಸಿಗರೇಟು ಸೇದುತ್ತಾನೆಯೇ, ನಿದ್ದೆ ಬರುತ್ತದೆಯೇ, ಬೇರೆ ಮಾತ್ರೆ ನುಂಗುತ್ತಾನೆಯೇ ಎಂದು ಅಕ್ಕ ತಕ್ಕಡಿ ಒರೆಸುತ್ತ ಕೇಳುತ್ತಾರೆ. ಎಲ್ಲಕ್ಕೂ ಉತ್ತರ ತಟ್ಟನೆ ಬರುತ್ತದೆ. ಹೆಂಡತಿಯ ಹತ್ತಿರ ಈ ವಿಷಯ ಮಾತಾಡಿದ್ದಾನಾ ಎಂದು ಕೇಳಿದಾಗ ಮಾತ್ರ ಹೆಲ್ಮೆಟ್ಟು ಬಾಗಿಲ ಕಡೆ ತಿರುಗುತ್ತದೆ.

“ಅದನ್ನ ಅವನನ್ನೇ ಕೇಳ್ಬೇಕು ಅಕ್ಕ.”

“ಕೇಳ್ಕೊಂಡು ಬಾ ತಮ್ಮ. ಅವನೇನು ದೂರ ಇರಲ್ಲ.”

ಗಂಡ ತೀರಿಕೊಂಡ ಮೇಲೆ ಅಕ್ಕ ಈ ಅಂಗಡಿಗೆ ಕುಟ್ಟುವ ಕೆಲಸಕ್ಕೆ ಸೇರಿದವರು. ಮಾಲೀಕರು ಮುಂದೆ ಕೂತು ಗಿರಾಕಿಗಳ ಜೊತೆ ಪಿಸುಗುಡುತ್ತಿದ್ದರು, ಇವರು ಪರದೆಯ ಹಿಂದೆ ಕುಟ್ಟುತ್ತಿದ್ದರು. ಮಾಲೀಕರ ಮಂಡಿ ಕೈಕೊಟ್ಟು ಅವರು ಮನೆ ಹಿಡಿದ ಮೇಲೆ ಮುಂದೆ ಕೂರುವುದೂ ಇವರ ಪಾಲಿಗೆ ಬಂತು. ಹೆಂಗಸನ್ನು ಕಂಡು ಎಷ್ಟೋ ಗಂಡಸರು ಕೆಮ್ಮಿನ ಔಷಧ ಕೊಂಡು ವಾಪಸು ಹೋದರು. ಬೀದಿಯ ಹೆಂಗಸರು ಇವರನ್ನು ‘ಗಂಡಸರ ಡಾಕ್ಟ್ರು’ ಎಂದು ಕರೆದು ಸೆರಗಿನಲ್ಲಿ ನಕ್ಕರು. ಅಮ್ಮ ಮಸಾಲೆಪುಡಿ ಅಂಗಡಿಯಲ್ಲಿದ್ದಾಳೆ ಎಂದು ಮಗಳು ಇವತ್ತಿಗೂ ಅತ್ತೆಮನೆಯಲ್ಲಿ ಹೇಳಿಕೊಂಡಿದ್ದಾಳೆ. ಬಲಭುಜ ಎತ್ತಿದರೆ ನೋವು, ಧೂಳಿನಿಂದ ಬಂದ ಕೆಮ್ಮು ಬಿಡುವುದಿಲ್ಲ. ಅದಕ್ಕೆ ಏನು ತೆಗೆದುಕೊಳ್ಳುತ್ತೀರಿ ಎಂದರೆ ಆಸ್ಪತ್ರೆಯ ಮಾತ್ರೆ ತೋರಿಸುತ್ತಾರೆ.

ಅವರು ಕೊಡುವುದು ಮಾಲೀಕರು ಹೇಳಿಕೊಟ್ಟದ್ದನ್ನೇ. ಅಶ್ವಗಂಧದ ಬೇರಿನ ಪುಡಿ, ಜೊತೆಗೆ ಚಿಟಿಕೆ ಜಾಯಿಕಾಯಿ, ಹಾಲಿನಲ್ಲಿ. ಅದರ ಜೊತೆ ಬಾಯಿಮಾತು: ಅವಸರ ಬೇಡ, ಉಸಿರು ನಿಧಾನ ಮಾಡಬೇಕು, ಇನ್ನೇನು ಆಯಿತು ಅನ್ನಿಸಿದಾಗ ನಿಲ್ಲಿಸಿ, ಸ್ವಲ್ಪ ತಡೆದು ಮತ್ತೆ ಮುಂದುವರಿಯಬೇಕು, ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ದಿನವೂ ಬಿಗಿದು ಸಡಿಲಿಸಬೇಕು, ಕುಡಿತ ಕಡಿಮೆ ಮಾಡಬೇಕು. ನಾನು ಕಂಡು ಕೇಳಿದ ವೈದ್ಯೆ ಬಾಯಿಮಾತಿನ ಭಾಗವನ್ನು ಒಪ್ಪಿದರು. ಅದರಿಂದ ಬಹಳ ಜನರಿಗೆ ಅನುಕೂಲವಾಗುತ್ತದೆ ಎಂದರು. ಪುಡಿಯ ಬಗ್ಗೆ ಎದೆ ತಟ್ಟಿ ಹೇಳಲಾರೆ ಎಂದರು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಯಾವ ಪುಡಿಯನ್ನೂ ಕೇಳದೆ ತೆಗೆದುಕೊಳ್ಳಬಾರದು, ತೊಂದರೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಅಥವಾ ನೋವಿದ್ದರೆ ಮೊದಲು ಆಸ್ಪತ್ರೆಗೆ ಬರಬೇಕು ಎಂದೂ ಸೇರಿಸಿದರು. ಹಾಗಾದರೆ ಈ ಕೋಣೆಯಲ್ಲಿ ನಾನು ನೋಡುತ್ತಿರುವುದು ಔಷಧವೋ ಬರೀ ಧೂಳೋ? ಅಕ್ಕನನ್ನೇ ಕೇಳಿದೆ. ಅವರು ಕುಟ್ಟಾಣಿಯೊಳಗೆ ಇಣುಕಿ ನೋಡಿದರು.

ಈ ಪ್ರಶ್ನೆ ಅವರಿಗೆ ಅಂಟಿಕೊಂಡದ್ದು ಬೀದಿ ಕೊನೆಯ ದರ್ಜಿಯಿಂದ. ಆ ಕತೆಯನ್ನು ಅಕ್ಕ ನನ್ನೆದುರು ಬಾಯಿಬಿಟ್ಟದ್ದು ಆಮೇಲೆ, ಆತನೂ ಆತನ ಹೆಂಡತಿಯೂ ಒಪ್ಪಿದ ಮೇಲೆಯೇ. ಹೆಸರು ಬೇಡ, ಕಸುಬು ಬರೆಯಲಿ ಬಿಡಿ, ದರ್ಜಿಗಳಿಗೇನು ಬರವೇ ಎಂದು ದರ್ಜಿಯೇ ಹೇಳಿದ್ದಾನೆ.

ಮೊದಲು ಬಂದದ್ದು ಆತ, ಸ್ನೇಹಿತನಿಗಾಗಿ. ಪುಡಿಯನ್ನು ಹೊಲಿಗೆ ಅಂಗಡಿಯಲ್ಲೇ ಕದ್ದು ಕುಡಿಯತೊಡಗಿದ. ಸ್ವಲ್ಪ ದಿನಕ್ಕೆ ಹೆಂಡತಿ ಬಂದಳು, ಓರಗಿತ್ತಿಯ ಗಂಡನಿಗೆ ಬೇಕು ಎನ್ನುತ್ತ. ದರ್ಜಿಗೆ ಅಣ್ಣತಮ್ಮಂದಿರಿಲ್ಲ ಎಂಬುದು ಬೀದಿಗೆಲ್ಲ ಗೊತ್ತು. ಆಕೆ ಗಂಡನಿಗೆ ತಿಳಿಯದ ಹಾಗೆ ಮನೆಯಲ್ಲಿ ಹಾಲಿಗೆ ಬೆರೆಸತೊಡಗಿದಳು. ಹೀಗೆ ಒಂದೇ ಹೊಟ್ಟೆಗೆ ಎರಡು ಪಾಲು. ಒಂದು ದಿನ ಆತ ತಲೆ ಸುತ್ತಿ ಮಿಷನ್ನಿನ ಮೇಲೆ ವಾಲಿದ, ಸೂಜಿ ಬೆರಳಿಗೆ ಇಳಿಯಿತು. ಬಿಪಿ ಮಾತ್ರೆ ನುಂಗುತ್ತಿದ್ದ ಸಂಗತಿ ಆಮೇಲೆ ಹೊರಬಿತ್ತು.

“ಸ್ನೇಹಿತನಿಗೆ ಬಿಪಿ ಇಲ್ಲ ಅಂದಿದ್ದ,” ಎನ್ನುತ್ತಾರೆ ಅಕ್ಕ. “ಸ್ನೇಹಿತನಿಗೆ ಇರ್ಲಿಲ್ಲ ಬಿಡಿ.”

ಸುಮ್ಮನಿದ್ದರೆ ಆತನ ಜೀವಕ್ಕೆ ಅಪಾಯ. ಹೇಳಿದರೆ, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದೆಂಬ ಅಂಗಡಿಯ ನಡೆಗೆ ಕುಂದು, ಆ ಸಂಸಾರಕ್ಕೂ ಏಟು. ಅಕ್ಕ ಎರಡೂ ಮಾಡಲಾರದೆ ಬೇರೆ ಏನೋ ಮಾಡಿದರು. ಗೋಧಿ ಹಿಟ್ಟನ್ನು ಕಂದಾಗುವ ತನಕ ಹುರಿದು ಇಬ್ಬರ ಪೊಟ್ಟಣಕ್ಕೂ ತುಂಬಿದರು. ಹಳೆಯ ಪುಡಿ ಹಾಳಾಗಿದೆ, ಚೆಲ್ಲಿಬಿಡಿ ಎಂದರು. ಸ್ನೇಹಿತನನ್ನು ಬಿಪಿ ನೋಡುವ ಡಾಕ್ಟರ ಹತ್ತಿರ ಕಳಿಸು ಎಂದು ದರ್ಜಿಗೆ ಗದರಿದರು. ಜೊತೆಗೆ, ಇದನ್ನು ಹೆಂಡತಿಯ ಕೈಯಲ್ಲೇ ಬೆರೆಸಿಸಿಕೊಂಡು ಕುಡಿಯಬೇಕು ಎಂದು ಆತನಿಗೂ, ಗಂಡನಿಗೆ ತಿಳಿಸದೆ ಕುಡಿಸಿದರೆ ಹಿಡಿಯುವುದಿಲ್ಲ ಎಂದು ಆಕೆಗೂ ಹೇಳಿ ಕಳಿಸಿದರು.

ಆಮೇಲೆ ಇಬ್ಬರೂ ಬರಲಿಲ್ಲ. ಆ ದಿನಗಳಲ್ಲಿ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುತ್ತದೆಯೇ ಎಂದು ನೋಡಲು ಬೀದಿ ಕೊನೆಯವರೆಗೆ ಹೋಗಿ ಬರುತ್ತಿದ್ದೆ ಎನ್ನುತ್ತಾರೆ ಅಕ್ಕ.

ಇವತ್ತು, ಹೆಲ್ಮೆಟ್ಟಿನವನು ಹೋದ ಬೆನ್ನಿಗೆ, ಅವರು ಜೊತೆಯಾಗಿ ಬಂದಿದ್ದಾರೆ. ಈ ಕೆಲಸಕ್ಕೆ ಗಂಡ ಹೆಂಡತಿ ಒಟ್ಟಿಗೆ ಬಂದದ್ದನ್ನು ಅಕ್ಕ ಇದುವರೆಗೆ ಕಂಡಿಲ್ಲ, ಎದ್ದು ನಿಲ್ಲುತ್ತಾರೆ. ಆಕೆ ಎರಡು ಪೊಟ್ಟಣಗಳನ್ನು ಮೇಜಿನ ಮೇಲೆ ಇಡುತ್ತಾಳೆ. ಆತ ಪೊಟ್ಟಣ ಹಿಡಿದು ಅಡುಗೆಮನೆಗೆ ಬಂದಾಗ ಆಕೆಯ ಕೈಯಲ್ಲೂ ಅಂಥದೇ ಪೊಟ್ಟಣವಿತ್ತಂತೆ. ಮೊದಲು ಜಗಳವಾಯಿತಂತೆ, ಹಾಲು ಉಕ್ಕಿ ಒಲೆ ಆರಿತಂತೆ, ಆಮೇಲೆ ಇಬ್ಬರಿಗೂ ನಗು. ಮದುವೆಯಾದ ಮೇಲೆ ಮೊದಲ ಸಲ ಆ ವಿಷಯ ಮಾತಾಡಿದೆವು ಎಂದು ಆಕೆ ನೆಲ ನೋಡುತ್ತ ಹೇಳುತ್ತಾಳೆ. ತಲೆಸುತ್ತು ಹೋಗಿದೆ. ಅದೂ ಈಗ ಪರವಾಗಿಲ್ಲ ಎನ್ನುತ್ತಾನೆ ದರ್ಜಿ, ತಕ್ಕಡಿಗೆ ಹೇಳುವವನಂತೆ.

“ಇದ್ರಲ್ಲಿ ಯಾವುದು ಒಳ್ಳೇದು ಅಕ್ಕ?” ಎಂದು ಆಕೆ ಕೇಳುತ್ತಾಳೆ. “ಅದನ್ನೇ ಕೊಡಿ.”

ಅಕ್ಕ ನನ್ನ ಕಡೆ ನೋಡುತ್ತಾರೆ, ಪೊಟ್ಟಣಗಳ ಕಡೆ ನೋಡುತ್ತಾರೆ.

“ಎರಡೂ ಗೋಧಿ ಹಿಟ್ಟು ಕಣಮ್ಮ.”

ಯಾರೂ ನಗುವುದಿಲ್ಲ. ಹಾಗಾದರೆ ತನಗೆ ಗುಣವಾದದ್ದು ಯಾವುದರಿಂದ ಎಂದು ದರ್ಜಿ ಕೇಳುತ್ತಾನೆ. ದನಿಯಲ್ಲಿ ಸಿಟ್ಟಿದೆಯೋ ಭಯವಿದೆಯೋ ನನಗೆ ತಿಳಿಯುವುದಿಲ್ಲ. ಗೊತ್ತಿಲ್ಲ ತಮ್ಮ ಎನ್ನುತ್ತಾರೆ ಅಕ್ಕ. ಹೆಂಡತಿ ಪೊಟ್ಟಣಗಳನ್ನು ಮುಂದಕ್ಕೆ ತಳ್ಳಿ, ಆ ಹಿಟ್ಟನ್ನೇ ಇನ್ನೊಂದಿಷ್ಟು ಕೊಟ್ಟುಬಿಡಿ ಎನ್ನುತ್ತಾಳೆ. ಅಕ್ಕ ಕೊಡುವುದಿಲ್ಲ. ಹಿಟ್ಟು ನಿಮ್ಮ ಮನೆಯಲ್ಲೇ ಇದೆ, ಬಿಪಿ ತೋರಿಸುವುದನ್ನು ಮಾತ್ರ ತಪ್ಪಿಸಬೇಡಿ ಎಂದು ಕಳಿಸುತ್ತಾರೆ.

ಅವರು ಹೋದ ಮೇಲೆ ಅಕ್ಕ ಕುಟ್ಟಾಣಿಯ ಮುಂದೆ ಕೂರುತ್ತಾರೆ, ಕುಟ್ಟಲು ಕೈ ಎತ್ತುವುದಿಲ್ಲ. ಇಷ್ಟು ವರ್ಷ ಈ ಪುಡಿಯಿಂದ ಗುಣವಾಯಿತೆಂದು ಕೈಮುಗಿದು ಹೋದವರ ಮುಖಗಳೆಲ್ಲ ಈಗ ನೆನಪಾಗುತ್ತಿವೆಯಂತೆ. ಅವರಲ್ಲಿ ಬೇರಿನಿಂದ ಗುಣವಾದವರು ಯಾರು, ಇಲ್ಲಿ ಬಾಯಿಬಿಟ್ಟದ್ದರಿಂದಲೇ ಗುಣವಾದವರು ಯಾರು? ಮಾಲೀಕರನ್ನು ಕೇಳಬೇಕು, ಅವರಿಗಾದರೂ ಗೊತ್ತಿರಬೇಕು ಎನ್ನುತ್ತಾರೆ; ಮರುಗಳಿಗೆಗೆ, ಅವರಿಗೂ ಗೊತ್ತಿಲ್ಲದಿದ್ದರೆ ಎಂದು ತಮ್ಮಲ್ಲೇ ಕೇಳಿಕೊಳ್ಳುತ್ತಾರೆ. ನಾಳೆ ಬರುವವರಿಗೆ ಏನು ಕೊಡುತ್ತೀರಿ ಎಂದು ನಾನು ವಿಚಾರಿಸುತ್ತೇನೆ.

“ಹೆಂಡತಿನ ಕರ್ಕೊಂಡು ಬಾ ಅಂತೀನಿ,” ಎನ್ನುತ್ತಾರೆ ಅಕ್ಕ. “ಬಂದ್ರೆ ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ಏನು ಅಂತ ನಂಗೂ ಗೊತ್ತಿಲ್ಲ. ಆದ್ರೆ ಇವತ್ತು ಇಬ್ರೂ ಜೊತೇಲಿ ನಡ್ಕೊಂಡು ಹೋದ್ರು, ನೋಡಿದ್ರಲ್ಲ?”