ವಾಸನೆಯಿಲ್ಲದ ಕೈ

ಕೈಯ ಬಿರುಕಿಗೆ ಹಚ್ಚುವ ಬಲವಾದ ಮುಲಾಮು ಹೊರಗೆ ಅಂಗಡಿಯಲ್ಲಿ ಟ್ಯೂಬಿಗೆ ನೂರಿಪ್ಪತ್ತು ರೂಪಾಯಿ. ತುರಿಕೆಯ ಮಾತ್ರೆ ಹತ್ತಕ್ಕೆ ನಲವತ್ತು. ಪಟ್ಟಣದ ಚರ್ಮದ ಡಾಕ್ಟರಿಗೆ ಒಂದು ಸಲ ತೋರಿಸಲು ಮುನ್ನೂರೈವತ್ತು. ಸೀಗಡಿ ಸುಲಿಯುವ ಹೆಂಗಸು ಒಂದು ದಿನ ಶೆಡ್ಡಿಗೆ ಹೋಗದಿದ್ದರೆ ನಾನೂರು ಹೋಯಿತು. ಮೂರು ವಾರ ಹೋಗದಿದ್ದರೆ ಅವಳ ಮಣೆಯ ಮೇಲೆ ಬೇರೊಬ್ಬಳು ಕೂತಿರುತ್ತಾಳೆ. ಔಷಧಿ ಚೀಟಿಯಲ್ಲಿ ಇದನ್ನೆಲ್ಲ ಯಾರೂ ಬರೆಯುವುದಿಲ್ಲ. ಬ್ರಿಜಿತ ಮಾತ್ರ ಚೀಟಿ ಕೈಗೆ ಬಂದೊಡನೆ ಮೊದಲು ಇದನ್ನೇ ಯೋಚಿಸುತ್ತಾರೆ.

ಮಂಗಳವಾರ, ಬೆಳಗಿನ ಆರೂವರೆ. ಕೇರಳದ ಅರೂರು ದಾಟಿ ಹಿನ್ನೀರಿನ ದಂಡೆಯಲ್ಲಿರುವ ಸರ್ಕಾರಿ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ದೀಪ ಹತ್ತಿದೆ. ಬ್ರಿಜಿತ ದೊಡ್ಡ ಡಬ್ಬಿಯಿಂದ ಮುಲಾಮು ತೆಗೆದು ಐಸ್‌ಕ್ರೀಮ್ ಕಡ್ಡಿಯಲ್ಲಿ ಪುಟ್ಟ ಡಬ್ಬಿಗಳಿಗೆ ತುಂಬುತ್ತಿದ್ದಾರೆ. ತುಂಬಿದ ಮೇಲೆ ಕೆಲವು ಮುಚ್ಚಳಗಳಿಗೆ ಉಗುರಿನ ಕೆಂಪು ಬಣ್ಣದಲ್ಲಿ ಒಂದೊಂದು ಚುಕ್ಕೆ ಇಡುತ್ತಾರೆ. ಕೆಂಪು ಚುಕ್ಕೆಯದು ಕೈಕಾಲಿಗೆ ಮಾತ್ರ, ಮುಖಕ್ಕೆ ಕೂಡದು.

"ಒಬ್ಬಳಿಗೆ ಕೊಟ್ಟ ಮುಲಾಮು ಬೇಲಿ ದಾಟಿ ಮೂರು ಮನೆ ಸುತ್ತತ್ತೆ. ಒಬ್ಬ ಹುಡುಗಿ ಬೆಳ್ಳಗಾಗ್ತೀನಿ ಅಂತ ಅಮ್ಮನ ಕಾಲಿನ ಮುಲಾಮು ಮುಖಕ್ಕೆ ಹಚ್ಕೊಂಡಿದ್ಲು. ಎರಡೇ ತಿಂಗಳಿಗೆ ಮೊಡವೆ ತುಂಬ್ತು, ಚರ್ಮ ತೆಳ್ಳಗಾಗಿ ಬಿಸಿಲಿಗೆ ಉರಿಯೋಕೆ ಶುರುವಾಯ್ತು. ಅವತ್ತಿಂದ ಈ ಚುಕ್ಕೆ ಇಡ್ತಿದ್ದೀನಿ" ಎನ್ನುತ್ತಾರೆ.

ಊರಿಗೆಲ್ಲ ಚೇಚಿ, ಅಂದರೆ ಅಕ್ಕ, ಆದ ಬ್ರಿಜಿತರಿಗೆ ಐವತ್ತೆರಡು ವರ್ಷ. ಹದಿನಾಲ್ಕಕ್ಕೆ ಶೆಡ್ಡು ಸೇರಿ ಹದಿನೇಳು ವರ್ಷ ಸೀಗಡಿ ಸುಲಿದವರು. ಬಲಗೈಯ ಎರಡು ಬೆರಳಿಗೆ ಉಗುರಿಲ್ಲ. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಸಹಾಯಕಿ. ಚರ್ಮದ ವಿಭಾಗ ವಾರಕ್ಕೆ ಎರಡು ದಿನ ಮಾತ್ರ ಇದ್ದು, ದಿನಕ್ಕೆ ನೂರಮೂವತ್ತು ಜನ ಬರುತ್ತಾರೆ. ಡಾಕ್ಟರ್ ಶೆಹ್ನಾ ಒಬ್ಬೊಬ್ಬರಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಲಾರರು. ಬರೆದದ್ದನ್ನು ಬಿಡಿಸಿ ಹೇಳುವುದು ಬ್ರಿಜಿತರ ಪಾಲು.

ಒಂಬತ್ತು ಗಂಟೆಗೆ ದೋಣಿಯ ಇಂಜಿನ್ ನೋಡಿಕೊಳ್ಳುವ ಒಬ್ಬರು ಹೆಂಡತಿಯ ಕಜ್ಜಿಗೆ ಔಷಧಿ ಕೇಳುತ್ತಾರೆ. ಬ್ರಿಜಿತ ಎರಡು ಬಾಟಲಿ ಮುಂದಿಡುತ್ತಾರೆ.

"ನಂಗೇನೂ ತುರಿಕೆ ಇಲ್ಲ ಚೇಚಿ."

"ಮುಂದಿನ ವಾರ ಬರತ್ತೆ. ಒಂದೇ ಚಾಪೆ ತಾನೆ?"

"ಈಗ ಇಲ್ಲ, ಜಗಳ ಆಗಿದೆ."

"ಹಾಗಾದ್ರೆ ಇವತ್ತೇ ರಾಜಿ ಮಾಡ್ಕೊಳ್ಳಿ. ಮನೆಯೋರೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಕಾಲ್ಬೆರಳಿನ ತನಕ ಹಚ್ಕೋಬೇಕು. ಒಬ್ರು ಬಿಟ್ರೂ ಎಲ್ಲರಿಗೂ ವಾಪಸ್ ಬರತ್ತೆ."

ಸಾಲಿನಲ್ಲಿದ್ದವರು ನಗುತ್ತಾರೆ. ಅವರು ಎರಡೂ ಬಾಟಲಿ ತೆಗೆದುಕೊಂಡು ಹೋಗುತ್ತಾರೆ.

ಇಂಥ ಮಾತು ದಿನವೂ ಇದ್ದದ್ದೇ. ಆದರೆ ಬ್ರಿಜಿತರ ಬಗ್ಗೆ ಬರೆಯಲು ಬಂದ ನನಗೆ ಡಾಕ್ಟರ್ ಶೆಹ್ನಾ ಹೇಳಿದ್ದು ಆಗ್ನಸ್ ಎಂಬ ಹೆಂಗಸಿನ ಕೈಯ ವಿಷಯ. ಕಳೆದ ಜೂನಿನಲ್ಲಿ ಆಗ್ನಸ್ ಮೂರನೇ ಸಲ ಬಂದಿದ್ದರು. ಬೆರಳುಗಳ ಗೆಣ್ಣುಗೆಣ್ಣೂ ಸೀಳಿ ರಕ್ತ ಒಸರುತ್ತಿತ್ತು. ಎರಡು ಸಲ ಮುಲಾಮು ಬದಲಾಯಿಸಿದರೂ ವಾಸಿಯಾಗಿರಲಿಲ್ಲ.

"ಇನ್ನು ಮಾತ್ರೆ ಶುರು ಮಾಡೋಣ" ಎಂದರು ಡಾಕ್ಟರು. "ಅದು ಸ್ವಲ್ಪ ಜೋರಿನದು, ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಮೂರು ವಾರ ನೀರಿಗೆ ಕೈ ಹಾಕ್ಬೇಡಿ."

ಬ್ರಿಜಿತ ಆಗ್ನಸರ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು.

"ಶೆಡ್ಡಿಂದ ನೇರ ಬಂದ್ಯಾ ಮಗಳೇ?"

"ಹೂಂ ಚೇಚಿ. ನಾಲ್ಕಕ್ಕೆ ಕೂತೋಳು ಈಗ್ತಾನೆ ಎದ್ದೆ."

"ಮತ್ತೆ ಸೀಗಡಿ ವಾಸನೆ ಎಲ್ಲಿ ಹೋಯ್ತು?"

ಆಗ್ನಸ್ ಆಗ ಬಾಯಿ ಬಿಟ್ಟರು. ಶೆಡ್ಡಿನ ಬಾಗಿಲಲ್ಲಿ ಪಾತ್ರೆ ತೊಳೆಯಲು ಬ್ಲೀಚಿಂಗ್ ಪುಡಿಯ ನೀರಿನ ತೊಟ್ಟಿ ಇರುತ್ತದೆ. ಹೊರಡುವಾಗ ಅದರಲ್ಲಿ ಕೈ ಅದ್ದಿ, ವಾಸನೆ ಹೋಗುವವರೆಗೆ ತೆಂಗಿನ ನಾರಿನಿಂದ ಉಜ್ಜಿಕೊಳ್ಳುತ್ತಿದ್ದರಂತೆ. ಸಂಜೆ ವಟ್ಟಯಪ್ಪ ಎಂಬ ಅಕ್ಕಿಯ ಸಿಹಿ ಅಪ್ಪ ಬೇಯಿಸಿ ಹನ್ನೊಂದು ಮನೆಗೆ ಕೊಡುತ್ತಿದ್ದರು. ಒಂದು ಮನೆಯವರು ಅಪ್ಪ ಸೀಗಡಿ ನಾರುತ್ತದೆ ಅಂದಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಂದು ತಿಂಗಳು ಮಾತ್ರೆ ಬೇಡ. ಆ ನೀರು ಬಿಡಿ, ಹಳೇ ಮುಲಾಮನ್ನೇ ರಾತ್ರಿ ಹಚ್ಚಿ. ಶೆಡ್ಡಲ್ಲಿ ಎರಡೂ ಕೈಗೆ ಗ್ಲೌಸ್ ಹಾಕ್ಕೊಳ್ಳಿ."

"ಬಲಗೈಗೆ ಆಗಲ್ಲ ಡಾಕ್ಟ್ರೇ" ಎಂದರು ಬ್ರಿಜಿತ. "ಹೆಬ್ಬೆರಳ ಉಗುರಲ್ಲೇ ತಾನೆ ಸಿಪ್ಪೆ ಬಿಡಿಸೋದು? ಗ್ಲೌಸ್ ಹಾಕಿದ್ರೆ ಅರ್ಧ ಕೆಲಸಾನೂ ಆಗಲ್ಲ. ಹಿಡಿಯೋ ಕೈ ಎಡದ್ದು. ಅದಕ್ಕೆ ಒಳಗೆ ಹತ್ತಿದು, ಮೇಲೆ ರಬ್ಬರಿಂದು. ಬಲಗೈಗೆ ಕೂರೋ ಮುಂಚೆ ತೆಂಗಿನೆಣ್ಣೆ. ಎದ್ದ ಮೇಲೆ ಹೆಸರುಹಿಟ್ಟು ಹಚ್ಚಿ ತಣ್ಣೀರಲ್ಲಿ ತೊಳೀಲಿ."

"ವಾಸನೆ ಉಳಿಯತ್ತಲ್ಲ ಚೇಚಿ?" ಎಂದರು ಆಗ್ನಸ್.

"ಉಳಿಯತ್ತೆ. ಒಡೆದ ಕೈಲಿ ಹಿಟ್ಟು ಕಲಸೋದೂ ಬೇಡ. ವಾಸಿ ಆಗೋ ತನಕ ಅಪ್ಪ ನಿಲ್ಸು."

"ನಿಲ್ಸಿದ್ರೆ ಮತ್ತೆ ಯಾರು ಕೇಳ್ತಾರೆ?"

"ಕೆಲವರು ಕೇಳಲ್ಲ. ಕೈ ಹೋದ್ರೆ ಶೆಡ್ಡೂ ಇಲ್ಲ, ಅಪ್ಪಾನೂ ಇಲ್ಲ. ಯೋಚ್ನೆ ಮಾಡು."

ಡಾಕ್ಟರು ಹಾಗೆಯೇ ಬರೆದುಕೊಟ್ಟರು. "ಕೈ ಹೇಗೆ ನೋಡ್ಬೇಕು ಅಂತ ನಮ್ಗೆ ಕಲಿಸಿದ್ದಾರೆ, ಮೂಸೋಕೆ ಯಾರೂ ಕಲಿಸ್ಲಿಲ್ಲ" ಎಂದು ಈಗ ಹೇಳುತ್ತಾರೆ.

ಬ್ರಿಜಿತರಿಗೆ ಹೊಳೆದದ್ದು ಹೇಗೆ? "ನಾನೂ ಅದೇ ಕೆಲ್ಸ ಮಾಡಿದ್ದೆ. ಮದ್ವೆಗೆ ಹತ್ತು ದಿನ ಇರೋವಾಗ್ಲಿಂದ ಅದೇ ನೀರಲ್ಲಿ ಉಜ್ಜಿದ್ದೇ ಉಜ್ಜಿದ್ದು. ಇಗರ್ಜಿಲಿ ಉಂಗುರ ಹಾಕೋಕೆ ಹೋದ್ರೆ ಬೆರಳು ಊದ್ಕೊಂಡು ಒಳಗೇ ಹೋಗ್ಲಿಲ್ಲ. ಕೊನೆಗೆ ನೋಡಿದ್ರೆ ನಮ್ಮನೆಯೋರು ದೋಣಿಯವರು, ಅವ್ರ ಕೈಯೂ ಅದೇ ವಾಸನೆ!" ಎಂದು ನಗುತ್ತಾರೆ. ಉಗುರು ಹೋಗಲು ಶುರುವಾದದ್ದೂ ಆಗಲೇ ಅಂತೆ.

ಅವರದೊಂದು ಸಣ್ಣ ಕೋರಿಕೆ ಇದೆ. "ಶೆಡ್ಡಿನ ಬಾಗಿಲಲ್ಲಿ ತೊಟ್ಟಿ ಪಕ್ಕ ಕೈ ತೊಳೆಯೋಕೆ ಒಂದು ಸಿಹಿನೀರಿನ ನಲ್ಲಿ ಹಾಕಿಸ್ಲಿ. ಅಷ್ಟಾದ್ರೆ ನನ್ನ ಸಾಲು ಅರ್ಧ ಕಮ್ಮಿ ಆಗತ್ತೆ." ಮಾಲೀಕರಿಗೆ ಎರಡು ಸಲ ಹೇಳಿದ್ದಾರೆ. ನಲ್ಲಿ ಇನ್ನೂ ಬಂದಿಲ್ಲ.

ಆಗ್ನಸರ ಕೈ ಆರು ವಾರದಲ್ಲಿ ಕೂಡಿಕೊಂಡಿತು. ಮಾತ್ರೆ ಬೇಕಾಗಲಿಲ್ಲ, ಶೆಡ್ಡಿನ ಮಣೆ ಉಳಿಯಿತು. ಅಪ್ಪ ಕೊಳ್ಳುತ್ತಿದ್ದ ಹನ್ನೊಂದು ಮನೆಗಳಲ್ಲಿ ಏಳು ತಿರುಗಿ ಕೇಳಿದವು. ನಾಲ್ಕು ಕೇಳಲಿಲ್ಲ.