ಅಕ್ಕನ ಜಿಲೇಬಿ

ಅಕ್ಕ ತಿಂದದ್ದು ಒಂದು ಜಿಲೇಬಿಯೋ ಎರಡೋ, ಈಗ ಖಚಿತವಾಗಿ ಹೇಳಲಾರೆ. ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಆದ ಮೇಲೆ ಅವಳು ಮೊದಲ ಸಲ ಮದುವೆಯೂಟಕ್ಕೆ ಕೂತಿದ್ದಳು, ಭದ್ರಾವತಿಯಲ್ಲಿ. ಬೀಗರು ಒತ್ತಾಯ ಮಾಡಿ ಬಡಿಸಿದರು. ಸ್ವಲ್ಪ ಹೊತ್ತಿಗೆ ಅಕ್ಕ ಬೆವರಿ, ಎದೆ ಹಿಡಿದುಕೊಂಡು ನನ್ನ ಭುಜಕ್ಕೆ ವಾಲಿದಳು. ಹೃದಯಾಘಾತವೆಂದೇ ತಿಳಿದು ಅವಳನ್ನು ಕಾರಿನಲ್ಲಿ ಮಲಗಿಸಿ ಶಿವಮೊಗ್ಗಕ್ಕೆ ಹೊರಟೆ.

ಶಿವಮೊಗ್ಗ ಹತ್ತಿರವಾಗುವಷ್ಟರಲ್ಲಿ ಹಿಂದಿನ ಸೀಟಿನಿಂದ ದನಿ ಬಂತು: “ಕಾರು ತಿರುಗಿಸೋ ಮಾರಾಯ, ನಾನಿನ್ನೂ ಮಜ್ಜಿಗೆ ಅನ್ನ ಉಂಡಿಲ್ಲ!”

“ಸುಮ್ನೆ ಮಲಕ್ಕೊಳೇ ಅಕ್ಕ” ಎಂದು ಗದರಿದೆ. ಆಗ ನಕ್ಕೆನೋ ಅತ್ತೆನೋ, ಅದೂ ನೆನಪಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿತ್ತು. ಆಪರೇಷನ್ ಮಾಡಿದ ವೈದ್ಯರನ್ನು ಆಮೇಲೆ ಕೇಳಿ ಒಂದನ್ನು ಮಾತ್ರ ಖಚಿತಪಡಿಸಿಕೊಂಡೆ: ಆಪರೇಷನ್ನಿನಿಂದ ಪುಟ್ಟದಾದ ಅವಳ ಹೊಟ್ಟೆಯಲ್ಲಿ ಸಿಹಿ ನಿಲ್ಲದೆ ಸೀದಾ ಕರುಳಿಗೆ ಇಳಿದಿತ್ತು, ಆ ಬೆವರು, ಎದೆಬಡಿತ ಎಲ್ಲ ಅದರಿಂದಲೇ, ಅಷ್ಟೇ.