ಎಳೆಗೂಸಿಗೆ ನೋವು ತಿಳಿಯದೆಂದು ಹೇಳಿದವಳು

ಮಹಾದೇವಿ, ನಿನಗೆ ನಾನು ಸುಳ್ಳು ಹೇಳಿದ್ದೇನೆ. ಒಂದಲ್ಲ, ಎರಡು. ಮೊದಲನೆಯದನ್ನು ನಿನ್ನ ಮನೆಯಲ್ಲೇ ಹೆಂಗಸರೆಲ್ಲರ ಎದುರು ಒಪ್ಪಿಕೊಂಡೆ. ಒಪ್ಪಿಕೊಳ್ಳುತ್ತಲೇ ಎರಡನೆಯದನ್ನು ಹೇಳಿದೆ — ಅದು ನಿನಗಿನ್ನೂ ಗೊತ್ತಿಲ್ಲ.

ನಿನ್ನ ಚೊಚ್ಚಲ ಮಗ ಬಸು ದಿನ ತುಂಬುವ ಮೊದಲೇ ಹುಟ್ಟಿ, ಜಹೀರಾಬಾದಿನಲ್ಲಿ ನಾನು ನರ್ಸ್ ಆಗಿದ್ದ ಶಿಶು ವಾರ್ಡಿಗೆ ಬಂದಿದ್ದ. ರಕ್ತದಲ್ಲಿನ ಸಕ್ಕರೆ ನೋಡಲು ಅವನ ಹಿಮ್ಮಡಿಗೆ ಮತ್ತೆ ಮತ್ತೆ ಸೂಜಿ ಚುಚ್ಚಬೇಕಿತ್ತು. ನೀನು ಬಾಗಿಲಲ್ಲಿ ನಿಂತು ಕೇಳಿದೆ, “ಸಿಸ್ಟರಮ್ಮ, ಚುಚ್ಚಾಗ ನಾ ಎದಿಗಿ ಹಚ್ಕೊಂಡು ಕೂಡ್ಲೇನ್ರಿ?”

“ಇಷ್ಟು ಎಳೆ ಕೂಸಿಗಿ ನೋವು ತಿಳಿಯಂಗಿಲ್ಲವ್ವ,” ಎಂದೆ. “ನೀ ಹೊರಗ ಕೂಡು.”

ನೀನು ನಂಬಿದೆ. ನಿನ್ನ ಮುಖ ಎಷ್ಟು ಹಗುರಾಯಿತೆಂದರೆ, ನಾನೇನೋ ಪುಣ್ಯದ ಕೆಲಸ ಮಾಡಿದೆನೆಂದೇ ಅನಿಸಿತು. ಒಳಗೆ ಹೋಗಿ ಚುಚ್ಚಿದೆ. ಬಸುವಿನ ಹುಬ್ಬು ಗಂಟಿಕ್ಕಿತು, ಕಣ್ಣು ಬಿಗಿದವು, ಮೂಗಿನ ಪಕ್ಕದ ಗೆರೆ ಆಳವಾಯಿತು, ಬೆರಳುಗಳೆಲ್ಲ ಅಗಲಿ ನಿಂತವು. ದನಿ ಮಾತ್ರ ಬರಲಿಲ್ಲ — ಅಳುವಷ್ಟು ಶಕ್ತಿಯೂ ಅವನಲ್ಲಿರಲಿಲ್ಲ.

ಅವನು ಚೇತರಿಸಿಕೊಂಡು ಊರಿಗೆ ಹೋದ, ನಾನು ಮರೆತೆ. ಮೊನ್ನೆ ನಿನ್ನ ಎರಡನೆಯ ಕೂಸು ಗೌರಿಯ ತೊಟ್ಟಿಲ ಕಾರ್ಯಕ್ಕೆ ಕರೆದೆಯಲ್ಲ, ನಾರಾಯಣಖೇಡದಲ್ಲಿ ಬಸ್ಸು ಬದಲಿಸಿ ನಿಮ್ಮೂರು ನಾಗಲಗಿದ್ದಕ್ಕೆ ಬಂದೆ. ಹೋಳಿಗೆ, ಗುಗ್ಗರಿ, ಹೆಂಗಸರ ಹಾಡು — ಬೀಗಿತ್ತಿಗೆ ಮಾಡುವಷ್ಟು ಉಪಚಾರ ಮಾಡಿದೆ ನೀನು. ಅಷ್ಟರಲ್ಲಿ ಕಿವಿ ಚುಚ್ಚಲು ಪತ್ತಾರರು ಬಂಗಾರದ ತಂತಿ ಹಿಡಿದು ಬಂದರು. ಇಷ್ಟು ಬೇಗ ಬೇಡವೆಂದು ನಿನ್ನ ಅತ್ತೆ ತಡೆದರು. ನೀನು ಹೆಮ್ಮೆಯಿಂದ ನನ್ನ ಕೈ ಹಿಡಿದು ಹೇಳಿದೆ, “ಎಳೆ ಕೂಸಿಗಿ ನೋವು ತಿಳಿಯಂಗಿಲ್ಲಂತ. ಇವ್ರೇ ಹೇಳ್ಯಾರ.”

ಪಕ್ಕದ ಮನೆಯಾಕೆ ತಲೆಯಾಡಿಸಿದಳು. ಅವಳ ಮಗನಿಗೂ ನನ್ನ ಮಾತಿನ ಮೇಲೆಯೇ ಚುಚ್ಚಿಸಿದ್ದಳಂತೆ. ಅವಳ ತಂಗಿಯ ಮಗಳಿಗೂ! ವಾರ್ಡಿನ ಬಾಗಿಲಲ್ಲಿ ಆಡಿದ ಒಂದು ಮಾತು ನಿಮ್ಮೂರಲ್ಲಿ ಶಾಸ್ತ್ರವಾಗಿಬಿಟ್ಟಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಲ್ಲಿದ್ದ ಹೋಳಿಗೆ ನುಂಗಿ ಎದ್ದು ನಿಂತು ಹೇಳಿದೆ — ಅದು ಸುಳ್ಳು, ನೋವಾಗುತ್ತದೆ, ದೊಡ್ಡವರಿಗೆ ಆಗುವಂತೆಯೇ ಆಗುತ್ತದೆ.

ನಿನ್ನ ಅತ್ತೆ, “ಹಂಗಾದ್ರ ಇಷ್ಟು ದಿನ ಕೂಸುಗಳು ಖರೇನೇ ಅತ್ತಾವಲ್ಲ,” ಎಂದರು. ನಗು ಎದ್ದಿತು. ಮೊದಲು ನಕ್ಕವಳು ನೀನೇ.

ಆಮೇಲಿನದು ನಿನಗೆ ಗೊತ್ತು. ನಾನು ನಿನ್ನಿಂದ ಕೂಸಿಗೆ ಮೊಲೆ ಕೊಡಿಸಿದೆ. ಅದು ಚೆನ್ನಾಗಿ ಚೀಪತೊಡಗುವ ತನಕ ಪತ್ತಾರರನ್ನು ಕಾಯಿಸಿದೆ. ಅವರು ಮುಖ ಊದಿಸಿಕೊಂಡೇ ಕೂತಿದ್ದರು. ಚುಚ್ಚಿದಾಗ ಗೌರಿ ಹುಬ್ಬು ಸುಕ್ಕಿಸಿ, ಒಮ್ಮೆ ಕುಂಯ್ ಎಂದು, ಮತ್ತೆ ಹಾಲಿಗೆ ಮರಳಿದಳು. ಮಗ್ಗುಲು ಬದಲಿಸಿ ಇನ್ನೊಂದು ಕಿವಿಯದೂ ಹಾಗೇ ಆಯಿತು. ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಪತ್ತಾರರು ಮುಂದಿನ ಮನೆಗೆ ಹೊರಟವರು, ನಾನು ಬರುವ ತನಕ ಕೂಸಿಗೆ ಹಾಲು ಕೊಟ್ಟುಬಿಡಬೇಡಿ, ಚುಚ್ಚುವಾಗಲೇ ಕೊಡಿ ಎಂದು ಮುಂಚಿತವಾಗಿ ಫೋನು ಮಾಡಿದರು.

ಆ ಸಂಭ್ರಮದಲ್ಲಿ ನೀನು ಮೆಲ್ಲಗೆ ಕೇಳಿದೆ, “ಬಸುನ ಟೈಮಿನಾಗ ಹಿಂಗ್ಯಾಕ ಮಾಡ್ಲಿಲ್ರಿ?”

“ಆಗ ನಮಗೂ ಗೊತ್ತಿರಲಿಲ್ಲವ್ವ,” ಎಂದೆ. ನೀನು ಅದನ್ನೂ ನಂಬಿದೆ; ಇನ್ನೊಂದು ಹೋಳಿಗೆ ಬಡಿಸಿದೆ.

ಇದೇ ಎರಡನೆಯ ಸುಳ್ಳು. ಬಸು ಬರುವುದಕ್ಕೂ ಮುಂಚೆಯೇ ಡಾಕ್ಟರು ನಮ್ಮನ್ನೆಲ್ಲ ಒಂದು ಕೂಸಿನ ಸುತ್ತ ನಿಲ್ಲಿಸಿ ಕಲಿಸಿದ್ದರು — ನೋವನ್ನು ಹುಬ್ಬಿನಲ್ಲಿ, ಕಣ್ಣಿನಲ್ಲಿ, ಬೆರಳಿನಲ್ಲಿ ಹೇಗೆ ಅಳೆಯಬೇಕು, ತಾಯಿಯ ಎದೆಗೆ ಒರಗಿಸಿ ನಾಲಿಗೆಗೆ ಹಾಲಿನ ಹನಿ ಇಟ್ಟು ಹೇಗೆ ತಗ್ಗಿಸಬೇಕು ಎಂದು. ನೀನು ಕೈ ತೊಳೆದು ಬಂದು, ಕೂತು, ಅವನನ್ನು ಎದೆಗೊರಗಿಸಿಕೊಳ್ಳುವ ತನಕ ಕಾಯಬೇಕಿತ್ತು. ನನಗೆ ಕಾಯುವ ಮನಸ್ಸಿರಲಿಲ್ಲ. ಅಷ್ಟೇ.

ಬರುವ ಭಾನುವಾರ ಬರುತ್ತೇನೆ. ಅತ್ತೆಯವರನ್ನೂ ಪಕ್ಕದ ಮನೆಯಾಕೆಯನ್ನೂ ಕರೆಸು, ಎಲ್ಲರೂ ಕೇಳಲಿ. ನನಗೆ ಗೊತ್ತಿತ್ತು, ಮಹಾದೇವಿ. ಗೊತ್ತಿದ್ದೇ ಚುಚ್ಚಿದೆ.